ಆಡಿಯೋಬುಕ್ ಕೇಳಿದರೆ ಓದಿದ ಹಾಗೆ ಆಗುತ್ತಾ? ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವವರು ಯಾವ ಕಾದಂಬರಿಯಿಂದ ಶುರು ಮಾಡಬಹುದು?

ಮೊದಲನೆಯದಕ್ಕೆ ನನ್ನ ಉತ್ತರ, ಆಗುತ್ತದೆ. ನಮ್ಮ ಶಿರಸಿ ಕಡೆ ರಾತ್ರಿಯಿಡೀ ತಾಳಮದ್ದಲೆ ಕೇಳಿ ಬಂದವರನ್ನು 'ನೀವು ಭಾರತ ಓದಲೇ ಇಲ್ಲವಲ್ಲ' ಅಂತ ಯಾರೂ ಹಿಡಿದು ಕೇಳುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಮತ್ತು ಮಾತು, ಅಷ್ಟೇ. ಆದರೂ ಕರ್ಣ ಕಣ್ಣೆದುರು ಬರುತ್ತಾನೆ ಅಲ್ವಾ?

ಎರಡನೆಯದಕ್ಕೆ ನಾನು ಹೇಳುವ ಹೆಸರು ಅಬಿ ಡಾರೆ ಅವರ 'ದ ಗರ್ಲ್ ವಿತ್ ದ ಲೌಡಿಂಗ್ ವಾಯ್ಸ್'. 2020ರಲ್ಲಿ ಬಂದದ್ದು, ಕಥೆ ನೈಜೀರಿಯಾದ್ದು. ಅಡುನ್ನಿಗೆ 14 ವರ್ಷ. ಓದಿ ಟೀಚರ್ ಆಗುವ ಆಸೆ. ತಾಯಿ ತೀರಿಕೊಂಡ ಮೇಲೆ ಅಪ್ಪ ದುಡ್ಡಿಗಾಗಿ ಅವಳನ್ನು ವಯಸ್ಸಾದ ಟ್ಯಾಕ್ಸಿ ಡ್ರೈವರ್‌ಗೆ ಮೂರನೇ ಹೆಂಡತಿಯಾಗಿ ಕೊಡುತ್ತಾನೆ. ಅಲ್ಲಿಂದ ಓಡಿ ಲಾಗೋಸ್‌ನಲ್ಲಿ ಶ್ರೀಮಂತರ ಮನೆಕೆಲಸಕ್ಕೆ ಸೇರುತ್ತಾಳೆ. ಮುಂದಿನದು ಹೇಳಲ್ಲ.

ಇಡೀ ಕಥೆ ಅವಳದೇ ಹರುಕುಮುರುಕು ಇಂಗ್ಲಿಷಿನಲ್ಲಿದೆ. 'ಲೌಡಿಂಗ್' ಅನ್ನುವುದೂ ಅವಳದೇ ಮಾತು. ಹಾಗಾದರೆ ಇನ್ನೂ ಕಷ್ಟ ಅಲ್ವಾ ಅನ್ನಬೇಡಿ. ನಾನು ಮೊದಲು ಪುಸ್ತಕವನ್ನೇ ಹಿಡಿದಿದ್ದೆ, 20 ಪುಟಕ್ಕೇ ಸುಸ್ತಾದೆ. ಸಾಲುಸಾಲಿಗೂ ವ್ಯಾಕರಣ ತಪ್ಪು ಕಾಣುತ್ತಿತ್ತು, ಮನಸ್ಸು ತಿದ್ದುತ್ತಾ ಕೂರುತ್ತಿತ್ತು. ಆಮೇಲೆ ಅಡ್ಜೋವಾ ಆಂಡೋ ಓದಿದ ಆಡಿಯೋ ಹಾಕಿದೆ. ತಪ್ಪೆಲ್ಲ ಎಲ್ಲಿ ಹೋಯಿತೋ! ಹುಡುಗಿ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ನಮ್ಮ ಹವ್ಯಕ ಮಾತೂ ಹೀಗೇ. 'ಇದೆ', 'ಇಲ್ಲ' ಅನ್ನುವುದಕ್ಕೆ ನಾವು ಹೇಳುವ 'ಇದ್ದು', 'ಇಲ್ಲೆ' ಅಂತ ಬರೆದು ನೋಡಿ, ತಪ್ಪು ಕನ್ನಡದ ಹಾಗೆ ಕಾಣುತ್ತದೆ. ಅದನ್ನೇ ಅಜ್ಜಿಯ ಬಾಯಲ್ಲಿ ಕೇಳಿದರೆ ಯಾರಾದರೂ ತಿದ್ದುತ್ತಾರಾ? ಒಂದನೇ ಕ್ಲಾಸಿನಲ್ಲಿ 'ಪೆನ್ಸಿಲ್ ಇಲ್ಲೆ' ಅಂದು ನಗೆಪಾಟಲಾದವಳು ನಾನು. ಅದಕ್ಕೇ ಅಡುನ್ನಿ ಜಾಸ್ತಿ ಹಿಡಿಸಿದಳೋ ಏನೋ.

ಮೊದಲ ಅರ್ಧ ಗಂಟೆ ಕಿವಿಗೆ ಒಗ್ಗುವುದಿಲ್ಲ. ವೇಗ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಡೌನ್‌ಲೋಡ್ ಮಾಡಿಕೊಂಡೇ ಹೊರಡಿ. ಕುಮಟಾ ಬಸ್ಸಿನಲ್ಲಿ ಕೂತು ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನಂಬಿ ಕೆಟ್ಟೆ. ಮಲಗಿ ಕೇಳಬೇಡಿ, ಎಲ್ಲಿ ನಿದ್ದೆ ಬಂತು ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ. ಮತ್ತೆ, ಮದುವೆಯ ನಂತರದ ಕೆಲವು ಭಾಗ ತುಂಬಾ ಹಿಂಸೆ ಅನ್ನಿಸುತ್ತದೆ. ಮಕ್ಕಳಿರುವಾಗ ಸ್ಪೀಕರ್ ಬೇಡ.

ನಾನು ಇದನ್ನು ಕೇಳಿದ್ದು ಅಡಿಕೆ ಸುಲಿಯುವಾಗ. ಒಟ್ಟು ಸುಮಾರು 12 ಗಂಟೆ. ಮೆಟ್ಟುಗತ್ತಿ ಮುಂದೆ ಕೂತರೆ ಕೈಗೆ ಬಿಡುವಿಲ್ಲ, ಕಿವಿ ಖಾಲಿ. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಅಮ್ಮನ ಮಾತಿಗೆ. ಅಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಇಂಗ್ಲಿಷ್ ಬರುವುದಿಲ್ಲ. 'ಎಂತ ಕೇಳ್ತಾ ಇದ್ದೆ?' ಅಂದಳು ಅಂತ ಸುಮ್ನೆ ಕಥೆ ಹೇಳಲು ಶುರು ಮಾಡಿದೆ. ದಿನಾ ಅಷ್ಟಷ್ಟು. ಮೂರನೇ ಸಂಜೆ ಅವಳು ಸುಲಿಯುವುದನ್ನೇ ನಿಲ್ಲಿಸಿ, 'ಆ ಕೂಸು ಶಾಲಿಗೆ ಹೋತ, ಇಲ್ಯ?' ಅಂತ ಕೇಳಿದಳು. ಇನ್ನೂ ಐದು ಗಂಟೆಯ ಕಥೆ ಬಾಕಿ ಇತ್ತು. ನನಗೂ ಗೊತ್ತಿಲ್ಲ ಅಂದೆ.

'ಹಂಗಾರೆ ಬೇಗ ಕೇಳು' ಅಂದಳು.