ಓದುಗರ ಪ್ರಶ್ನೆ: ಹಳೆಯ ಹಾಯಿದೋಣಿಯೊಳಗೆ ನಿಂತ ನೀರು

ಈ ಸಲ ಹಳೆಯ ಸಣ್ಣ ಹಾಯಿದೋಣಿಗಳ ಬಗ್ಗೆ ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಕೇಳಿದವರು ಬೇರೆ ಬೇರೆ ಊರಿನವರು, ದೋಣಿಗಳೂ ಬೇರೆ ಬೇರೆ. ಓದುತ್ತಾ ಹೋದಂತೆ ಹೆಚ್ಚಿನವುಗಳಲ್ಲಿ ನನಗೆ ಒಂದೇ ಕಾಯಿಲೆ ಕಂಡಿತು. ಒಳಗೆ ಎಲ್ಲೋ ನೀರು ಸೇರಿಕೊಂಡಿದೆ, ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ.

ಪ್ರಶ್ನೆ: ಊರು ಶಿವಮೊಗ್ಗ, ಈಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದೇನೆ. ಪಕ್ಕದ ಮನೆಯವರು ಹಿತ್ತಿಲು ಖಾಲಿ ಮಾಡುವಾಗ 1970ರ ದಶಕದ ಒಂದು ಮಿರರ್ ಡಿಂಗಿ ಕೊಟ್ಟರು. ಪ್ಲೈವುಡ್ ದೋಣಿ, ಕೆಂಪು ಹಾಯಿ. ಎರಡು ವರ್ಷ ಟಾರ್ಪಾಲಿನ್ ಕೆಳಗೆ ಇತ್ತಂತೆ. ಅಂಚಿನಲ್ಲಿ ಬಣ್ಣ ಉಬ್ಬಿದೆ, ಹಿಂದಿನ ಒಂದು ಮೂಲೆಯಲ್ಲಿ ಬೆರಳು ಒತ್ತಿದರೆ ಮೆತ್ತಗಿದೆ. ಕೆರೆದು ಬಣ್ಣ ಹೊಡೆದರೆ ಸಾಕೇ?

ಉತ್ತರ: ಸಾಲದು. ಆದರೆ ದೋಣಿ ಉಳಿಯುತ್ತದೆ, ಹೆದರಬೇಡಿ. ಬಣ್ಣದ ಡಬ್ಬಿ ಸದ್ಯಕ್ಕೆ ಮುಚ್ಚಿಡಿ. ಒದ್ದೆ ಮರಕ್ಕೆ ಬಣ್ಣ ಹೊಡೆಯುವುದೆಂದರೆ ಒಳಗಿನ ನೀರಿಗೆ ಚಿಲಕ ಹಾಕಿದ ಹಾಗೆ. ನನ್ನ ಮೊದಲ ದೋಣಿಗೆ ನಾನು ಮಾಡಿದ್ದೂ ಅದನ್ನೇ. ಮಾರ್ಚ್‌ನಲ್ಲಿ ಹೊಡೆದ ಬಣ್ಣ ಜುಲೈ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬಂತು, ಕೆಳಗಿನ ಪ್ಲೈವುಡ್ ಮೊದಲಿಗಿಂತ ಜಾಸ್ತಿ ಕೊಳೆತಿತ್ತು. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ನಿಮ್ಮ ಕೈಗೆ ಬಂದಿರುವುದು ಒಳ್ಳೆಯ ದೋಣಿ. ಸಾಮಾನ್ಯ ಜನರೂ ಮನೆಯಲ್ಲೇ ಕಟ್ಟಿಕೊಳ್ಳಲಿ ಎಂದು ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆ 1963ರಲ್ಲಿ ಇದನ್ನು ಜೋಡಿಸಿಕೊಳ್ಳುವ ಬಿಡಿ ಭಾಗಗಳ ಕಿಟ್ ರೂಪದಲ್ಲಿ ಹೊರತಂದಿತು. ಆಗಿನ ಬೆಲೆ 63 ಪೌಂಡ್ 11 ಷಿಲಿಂಗ್. ದೋಣಿ ವಿನ್ಯಾಸ ಮಾಡುತ್ತಿದ್ದ ಜಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ ಮಾಡಿದ್ದು. ಉದ್ದ 3.3 ಮೀಟರ್, ಬರಿಯ ಒಡಲಿನ ತೂಕ 45 ಕಿಲೋ ಆಸುಪಾಸು. 70,000ಕ್ಕೂ ಹೆಚ್ಚು ಮಿರರ್‌ಗಳನ್ನು ಕಟ್ಟಿದ್ದಾರೆ. ಕಟ್ಟುವ ರೀತಿ ಏನು ಗೊತ್ತಾ? ಪ್ಲೈವುಡ್ ತುಂಡುಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಆ ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿ ಇಟ್ಟು ರೆಸಿನ್, ಅಂದರೆ ಒಣಗಿ ಗಟ್ಟಿಯಾಗುವ ಅಂಟು, ಹಾಕುವುದು. ನಮ್ಮ ಕರಾವಳಿಯ ರಂಪಣಿ ದೋಣಿಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು ಅಲ್ವಾ, ನನಗಂತೂ ಮಿರರ್ ನೋಡಿದಾಗಲೆಲ್ಲ ಅದೇ ನೆನಪಾಗುತ್ತದೆ. ಕೈಯಲ್ಲಿ ಹೊಲಿದ ದೋಣಿಯನ್ನು ಕೈಯಲ್ಲೇ ಬಿಚ್ಚಿ ಸರಿಮಾಡಬಹುದು, ಅದೇ ಇದರ ದೊಡ್ಡ ಗುಣ.

ಈಗ ಕಾಯಿಲೆಗೆ ಬರೋಣ. ಮರ ಕೊಳೆಯುವುದು ಶಿಲೀಂಧ್ರದಿಂದ. ಅದಕ್ಕೆ ತೇವ ಬೇಕು, ಸ್ವಲ್ಪ ಗಾಳಿ ಬೇಕು. ಉಪ್ಪುನೀರು ಅದಕ್ಕೆ ಅಷ್ಟು ಒಗ್ಗುವುದಿಲ್ಲ, ಮಳೆನೀರು ಚೆನ್ನಾಗಿ ಒಗ್ಗುತ್ತದೆ. ಹಾಗಾಗಿ ಸಮುದ್ರದಲ್ಲಿ ವಾರವಾರ ಓಡಾಡುವ ದೋಣಿಗಿಂತ ಹಿತ್ತಿಲಲ್ಲಿ ಟಾರ್ಪಾಲಿನ್ ಹೊದ್ದು ಮಲಗಿದ ದೋಣಿಯೇ ಬೇಗ ಹಾಳಾಗುತ್ತದೆ. ಟಾರ್ಪಾಲಿನ್ ನಡುವೆ ಜೋತುಬಿದ್ದು ಅದರಲ್ಲಿ ಮಳೆನೀರು ತುಂಬುತ್ತದೆ, ಒಂದು ಸಣ್ಣ ತೂತಿನಿಂದ ಒಳಗೆ ಇಳಿಯುತ್ತದೆ, ಗಾಳಿ ಆಡದ ಕಡೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮರದ ತೇವ ಶೇ 20ಕ್ಕಿಂತ ಕೆಳಗೇ ಇದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ.

ಮಿರರ್‌ನಲ್ಲಿ ಮುಂದೆ, ಹಿಂದೆ ಮತ್ತು ಎರಡೂ ಪಕ್ಕ ಮುಚ್ಚಿದ ಗಾಳಿಪೆಟ್ಟಿಗೆಗಳಿವೆ. ಮಗುಚಿದರೂ ಮುಳುಗದಿರಲಿ ಎಂದು ಇಟ್ಟದ್ದು. ಕೊಳೆತ ಶುರುವಾಗುವುದು ಹೆಚ್ಚಾಗಿ ಅವುಗಳ ತಳದಲ್ಲೇ. ಮೊದಲು ಎಲ್ಲ ಬಿರಡೆ ತೆಗೆಯಿರಿ. ಟಾರ್ಚ್ ಬಿಟ್ಟು ನೋಡಿ, ಮೂಗು ಹತ್ತಿರ ಇಟ್ಟು ವಾಸನೆಯನ್ನೂ ನೋಡಿ. ಬೂಷ್ಟಿನ ವಾಸನೆ ಬಂದರೆ ಅಲ್ಲಿ ಕೆಲಸ ಇದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಇಡೀ ದೋಣಿಯನ್ನು ಅಂಗುಲ ಅಂಗುಲವಾಗಿ ಬಡಿಯುತ್ತಾ ಹೋಗಿ. ಹಲಸಿನ ಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುತ್ತೇವಲ್ಲ, ಹಾಗೆ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ, ಲಡ್ಡಾದ ಮರ ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಸೀಸದ ಕಡ್ಡಿಯಲ್ಲಿ ಗೆರೆ ಹಾಕಿ, ದಬ್ಬಳದಿಂದ ಮೆಲ್ಲಗೆ ಚುಚ್ಚಿ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಒಣಗಿಸಬೇಕು. ಇದಕ್ಕೆ ತಾಳ್ಮೆ ಬೇಕು. ಸೂರಿನಡಿ ಇಟ್ಟು, ಉಬ್ಬಿದ ಬಣ್ಣವನ್ನೆಲ್ಲ ಕೆರೆದು, ಪೆಟ್ಟಿಗೆಗಳೊಳಗೆ ಗಾಳಿ ಹೋಗುವ ಹಾಗೆ ಒಂದು ಫ್ಯಾನ್ ಇಡಿ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಶೇ 15ರೊಳಗೆ ಬರುವವರೆಗೆ ಕಾಯಿರಿ. ನಿಮ್ಮ ಊರಿನ ಹವೆಯಲ್ಲಿ ಇದಕ್ಕೆ ಇಡೀ ಚಳಿಗಾಲ ಹಿಡಿದರೂ ಹಿಡಿಯಬಹುದು. ಕೆರೆಯುವಾಗ ಒಂದು ಎಚ್ಚರ: ಅಷ್ಟು ಹಳೆಯ ಬಣ್ಣದಲ್ಲಿ ಸೀಸ, ತಳದ ಬಣ್ಣದಲ್ಲಿ ತವರದ ವಿಷ ಇರಬಹುದು. ಒಣ ಧೂಳು ಏಳಿಸಬೇಡಿ. ನೀರು ಹಾಕಿ ಉಪ್ಪು ಕಾಗದದಲ್ಲಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಕೊಳೆತ ಭಾಗಕ್ಕೆ ತೆಳು ರೆಸಿನ್ ಕುಡಿಸಿದರೆ ಗಟ್ಟಿಯಾಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಮೇಲೆ ಚಿಪ್ಪು ಗಟ್ಟಿಯಾಗುತ್ತದೆ, ಒಳಗೆ ಕೊಳೆತ ಹಾಗೇ ಇರುತ್ತದೆ. ಕತ್ತರಿಸಿ ತೆಗೆಯಿರಿ. ಒಳ್ಳೆಯ ಮರ ಸಿಕ್ಕ ಮೇಲೂ ನಾಲ್ಕು ಬೆರಳು ಮುಂದೆ ಹೋಗಿ ಕತ್ತರಿಸಿ. ಹೊಸ ತುಂಡು ಕೂರಿಸುವಾಗ ಎರಡೂ ಅಂಚನ್ನು ಇಳಿಜಾರಾಗಿ ಕೆತ್ತಬೇಕು, ದಪ್ಪದ ಎಂಟು ಪಟ್ಟು ಉದ್ದಕ್ಕೆ. ಮಿರರ್‌ನ ಪ್ಲೈವುಡ್ 5 ಮಿಲಿಮೀಟರ್, ಹಾಗಾಗಿ ಇಳಿಜಾರು 40 ಮಿಲಿಮೀಟರ್. ಅಷ್ಟು ಅಗಲದ ಅಂಟು ಹಿಡಿದರೆ ಬೆಸುಗೆ ಬಿಡುವುದಿಲ್ಲ. ನೀರಿಗೆ ತಾಳುವ ಮೆರೈನ್ ಪ್ಲೈವುಡ್ಡನ್ನೇ ತನ್ನಿ.

ಅಂಟಿನ ವಿಷಯ. ಮಿರರ್ ಕಟ್ಟುವಾಗ ಬಳಸಿದ್ದು ಪಾಲಿಯೆಸ್ಟರ್ ರೆಸಿನ್. ಅದು ಮರಕ್ಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಹಳೆಯ ಮಿರರ್‌ಗಳ ಪಟ್ಟಿ ಎದ್ದು ಬರುವುದು ಅದಕ್ಕೇ. ನೀವು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಬಳಸಿ, ಅದು ಮರಕ್ಕೂ ಹಿಡಿಯುತ್ತದೆ, ಹಳೆಯ ಪಾಲಿಯೆಸ್ಟರ್‌ಗೂ ಹಿಡಿಯುತ್ತದೆ. ಎದ್ದ ಪಟ್ಟಿಯನ್ನು ಹೀಟ್ ಗನ್‌ನಿಂದ ಬಿಸಿ ಮಾಡಿದರೆ ಸಿಪ್ಪೆಯ ಹಾಗೆ ಬರುತ್ತದೆ. ಎಪಾಕ್ಸಿ ಮತ್ತು ಅದನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಹೇಳಿದಷ್ಟೇ ಇರಲಿ, ಬೇಗ ಒಣಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಅದು ಕೊನೆಗೂ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಕಲಸಿದ ಮೇಲೆ ಲೋಟದಲ್ಲೇ ಬಿಡಬೇಡಿ, ಕಾದು ಹೊಗೆ ಬರುತ್ತದೆ. ಅಗಲದ ತಟ್ಟೆಗೆ ಸುರಿಯಿರಿ. ಮೂಲೆ ತುಂಬಲು ಮರದ ನುಣ್ಣನೆ ಹೊಟ್ಟು ಸೇರಿಸಿ, ಹೂರಣಕ್ಕಿಂತ ತುಸು ತೆಳು ಹದ ಬರಲಿ. ಹತ್ತು ಡಿಗ್ರಿಗಿಂತ ಚಳಿ ಇರುವ ದಿನ ಕೆಲಸ ಬೇಡ. ಗಟ್ಟಿಯಾದ ಮೇಲೆ ಮೈಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ, ಅದನ್ನು ಬರೀ ನೀರಲ್ಲಿ ತೊಳೆದು ಉಜ್ಜಿಯೇ ಮುಂದಿನ ಪದರ. ಬಿಸಿಲಿಗೆ ಎಪಾಕ್ಸಿ ಹಾಳಾಗುವುದರಿಂದ ಕೊನೆಗೆ ಬಣ್ಣ ಅಥವಾ ವಾರ್ನಿಷ್ ಬೇಕೇ ಬೇಕು. ಆಗ ತೆರೆಯಿರಿ ನಿಮ್ಮ ಬಣ್ಣದ ಡಬ್ಬಿ. ಕೈಗೆ ಗ್ಲೌಸ್ ಮರೆಯಬೇಡಿ. ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿಕೊಂಡರೆ ಜೀವನಪೂರ್ತಿ ಬಿಡುವುದಿಲ್ಲ.

ಪ್ರಶ್ನೆ: ಮೈಸೂರಿನವನು. ಹಳೆಯ ಲೇಸರ್ ದೋಣಿ (ಒಬ್ಬರೇ ಓಡಿಸುವ ಸಣ್ಣ ಫೈಬರ್ ಹಾಯಿದೋಣಿ) ಕೊಂಡು ಹಿನ್ನೀರಿನಲ್ಲಿ ಓಡಿಸುತ್ತಿದ್ದೇನೆ. ಮೊದಲು ಇಬ್ಬರು ಎತ್ತುತ್ತಿದ್ದೆವು, ಈಗ ಮೂವರಿಗೂ ಕಷ್ಟ. ಓಟವೂ ನಿಧಾನವಾಗಿದೆ. ಹೊರಗೆ ಎಲ್ಲೂ ಬಿರುಕು ಕಾಣುತ್ತಿಲ್ಲ.

ಉತ್ತರ: ಲೇಸರ್‌ನ ಒಡಲು 59 ಕಿಲೋ ಇರಬೇಕು. ಎರಡು ತೂಕದ ಯಂತ್ರ ತಂದು, ಮುಂದೊಂದು ಹಿಂದೊಂದು ಇಟ್ಟು ತೂಗಿ ನೋಡಿ. ಜಾಸ್ತಿ ಬಂದಷ್ಟೂ ಹೆಚ್ಚಾಗಿ ಒಳಗಿನ ನೀರೇ.

ಎಲ್ಲಕ್ಕಿಂತ ಮೊದಲು ಕೂವೆಕಂಬ, ಅಂದರೆ ಹಾಯಿ ಕಟ್ಟುವ ಕಂಬ, ಕೂರುವ ಗುಳಿಯನ್ನು ಪರೀಕ್ಷಿಸಿ. ಲೇಸರ್‌ನಲ್ಲಿ ಕಂಬಕ್ಕೆ ಆಧಾರದ ತಂತಿಗಳಿಲ್ಲ, ಇಡೀ ಹಾಯಿಯ ಭಾರ ಆ ಒಂದು ಗುಳಿಯ ಮೇಲೆ. ಗುಳಿಗೆ ತುಂಬ ನೀರು ಹಾಕಿ, ಮಟ್ಟಕ್ಕೆ ಗುರುತು ಮಾಡಿ, ಒಂದು ಗಂಟೆ ಬಿಡಿ. ಇಳಿದರೆ ಅಲ್ಲಿಂದಲೇ ಸೋರುತ್ತಿದೆ, ಸರಿಮಾಡುವವರೆಗೆ ದೋಣಿ ನೀರಿಗೆ ಬೇಡ. ಜೋರು ಗಾಳಿಯಲ್ಲಿ ಗುಳಿ ಕಿತ್ತರೆ ಕಂಬ ಡೆಕ್ಕನ್ನೇ, ಅಂದರೆ ದೋಣಿಯ ಮೇಲ್ಹಾಸನ್ನೇ, ಸೀಳಿಕೊಂಡು ಬರುತ್ತದೆ.

ಅಲ್ಲಿ ಸರಿ ಇದ್ದರೆ ಉಳಿದ ಕಡೆ ಸೋಪು ನೀರಿನ ಪರೀಕ್ಷೆ ಮಾಡಿ. ಡೆಕ್ ಮತ್ತು ಒಡಲು ಸೇರುವ ಅಂಚು, ಚುಕ್ಕಾಣಿಯ ಸ್ಕ್ರೂಗಳು, ಹಿಂದಿನ ಬಿರಡೆಯ ಸುತ್ತ ಸೋಪು ನೀರು ಬಳಿದು, ಬಿರಡೆಯ ತೂತಿಗೆ ಕೊಳವೆ ಇಟ್ಟು ಬಾಯಿಂದ ಊದಿ. ಗುಳ್ಳೆ ಬಂದ ಕಡೆ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಅಂಚೇ ಬಿಚ್ಚಿಹೋಗುತ್ತದೆ. ಸೋರುವಲ್ಲಿ ಸಿಲಿಕೋನ್ ಬಳಿಯುವುದೂ ಬೇಡ. ಅದರ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಯಾವ ರೆಸಿನ್ನೂ ಹಿಡಿಯುವುದಿಲ್ಲ. ಒಳಗೆ ಒಣಗಿಸಲು ಡೆಕ್‌ನಲ್ಲಿ ಒಂದು ದುಂಡು ಮುಚ್ಚಳ ಕೂರಿಸಿಕೊಳ್ಳಿ. ದೋಣಿಗೆ ತೂತು ಕೊರೆಯಲು ಮನಸ್ಸು ಬರುವುದಿಲ್ಲ, ನನಗೂ ಬಂದಿರಲಿಲ್ಲ, ಆದರೆ ಅದಿಲ್ಲದೆ ಗಾಳಿ ಒಳಗೆ ಹೋಗುವುದಿಲ್ಲ.

ಇದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಂಬ ಅಲ್ಯೂಮಿನಿಯಂನದು. ಕಂಬ ನಿಲ್ಲಿಸುವ ಮೊದಲು, ನಿಲ್ಲಿಸಿದ ದೋಣಿ ತಳ್ಳುವ ಮೊದಲು, ತಲೆಯೆತ್ತಿ ಕರೆಂಟ್ ತಂತಿ ಇದೆಯೇ ನೋಡಿ. ಪ್ರತಿ ಸಲವೂ ನೋಡಿ.

ಪ್ರಶ್ನೆ: ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಇಬ್ಬರು ಕನ್ನಡದ ಗೆಳೆಯರು ಸೇರಿ 1980ರ ದಶಕದ ಕ್ಯಾಟಲಿನಾ 22 ಹಾಯಿದೋಣಿ ಕೊಂಡಿದ್ದೇವೆ, ಮೇಲೆತ್ತುವ ಕೀಲ್ (ತಳದಲ್ಲಿ ನೀರಿಗೆ ಇಳಿಬಿಡುವ ಭಾರದ ರೆಕ್ಕೆ) ಇರುವುದು. ಡೆಕ್ ಮೇಲೆ ನಡೆದರೆ ಕೆಲವು ಕಡೆ ಸ್ಪಂಜಿನ ಹಾಗೆ ಅನಿಸುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೀಲ್‌ನಿಂದ. ಡೆಕ್ ಮೆತ್ತಗಿದ್ದರೆ ಕಾಲು ಹೂತೀತು, ಆದರೆ ಕೀಲ್ ಸುಮಾರು 250 ಕಿಲೋ ತೂಗುವ ಎರಕದ ಕಬ್ಬಿಣ. ಅದು ನೇತಾಡುವುದು ಒಂದು ಪಿನ್ನಿನ ಮೇಲೆ, ಎತ್ತುವುದು ಒಂದು ಉಕ್ಕಿನ ತಂತಿ. ತಂತಿಯ ವಯಸ್ಸು ಗೊತ್ತಿಲ್ಲ ಎಂದರೆ ಬದಲಿಸಿ, ಯೋಚನೆ ಬೇಡ. ಪಿನ್ ಸವೆದು ತೂತು ಅಗಲವಾದರೆ ಲಂಗರು ಹಾಕಿದಾಗ ಕೀಲ್ ಅತ್ತಿತ್ತ ಬಡಿಯುವ ಸದ್ದು ಕೇಳುತ್ತದೆ. ಕಂಬ ಹಿಡಿದ ತಂತಿಗಳಲ್ಲಿ ಒಂದು ಎಳೆ ಮುರಿದು ಚುಚ್ಚುತ್ತಿದ್ದರೂ ಆ ಇಡೀ ತಂತಿ ಹೊಸದಾಗಬೇಕು.

ಡೆಕ್ ಎಂದರೆ ಎರಡು ಫೈಬರ್ ಪದರ, ನಡುವೆ ಮರ. ಕಂಬಿಗೋ ಹಗ್ಗ ಸುತ್ತಿ ಕಟ್ಟುವ ಕ್ಲೀಟ್‌ಗೋ ಹಾಕಿದ ಬೋಲ್ಟ್ ತೂತಿನಿಂದ ಮಳೆನೀರು ಇಳಿದು ಆ ಮರ ಕೊಳೆತಿದೆ. ಜಾಗ ಸಣ್ಣದಿದ್ದರೆ ಮೇಲಿನ ಪದರ ಕತ್ತರಿಸಿ ಎತ್ತಿ, ಕೊಳೆತದ್ದು ತೆಗೆದು, ಹೊಸ ಮರ ಅಂಟಿಸಿ, ಅದೇ ಪದರ ಮತ್ತೆ ಕೂರಿಸಿ. ಇನ್ನೂ ಗಟ್ಟಿ ಇರುವ ಕಡೆಗಳಲ್ಲಿ ಪ್ರತಿ ಬೋಲ್ಟ್ ತೆಗೆದು, ಕೆಳಪದರ ಬಿಟ್ಟು ತೂತನ್ನು ದೊಡ್ಡದು ಮಾಡಿ, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಮತ್ತೆ ತೂತು ಕೊರೆಯಿರಿ. ಈಗ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಬೇಸರದ ಕೆಲಸ, ಬೋಲ್ಟ್‌ಗೆ ಅರ್ಧ ದಿನ. ಇಬ್ಬರಿದ್ದೀರಲ್ಲ, ಹಂಚಿಕೊಳ್ಳಿ.

ಪ್ರಶ್ನೆ: ಮಂಗಳೂರಿನಿಂದ. ಹಳೆಯ ಹಾಯಿ ನೋಡಲು ಚೆನ್ನಾಗಿದೆ, ಆದರೆ ಹೊಲಿಗೆ ಅಲ್ಲಲ್ಲಿ ಬಿಡುತ್ತಿದೆ. ಹೊಸದೇ ಬೇಕೇ?

ಉತ್ತರ: ಬೇಡದೇ ಇರಬಹುದು. ಬಿಸಿಲಿಗೆ ಮೊದಲು ಸಾಯುವುದು ದಾರ, ಬಟ್ಟೆ ಆಮೇಲೆ. ಉಗುರಿನಿಂದ ಹೊಲಿಗೆಯನ್ನು ಗೀರಿ, ದಾರ ಪುಡಿಯಾದರೆ ಆ ಸಾಲನ್ನೆಲ್ಲ ಮತ್ತೆ ಹೊಲಿಸಿ. ಪಾಲಿಯೆಸ್ಟರ್ ದಾರ, ಅಂಕುಡೊಂಕು ಹೊಲಿಗೆ ಇರಲಿ. ಹಳೆಯ ತೂತುಗಳಲ್ಲೇ ಸೂಜಿ ಹೋದರೆ ಇನ್ನೂ ಒಳ್ಳೆಯದು. ಬಟ್ಟೆಯೇ ಕೈಯಲ್ಲಿ ಹರಿದರೆ ಮಾತ್ರ ಹೊಸದು. ಪ್ರತಿ ಸಲ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಸುಮ್ನೆ ಬಿಸಿಲಲ್ಲಿ ಪಟಪಟ ಬಡಿದುಕೊಳ್ಳಲು ಬಿಡಬೇಡಿ.

ಪ್ರಶ್ನೆ: ಕುಂದಾಪುರದವರು. ನಮ್ಮಜ್ಜ ದೋಣಿಗೆ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ನನ್ನ ಪ್ಲೈವುಡ್ ಹಾಯಿದೋಣಿಗೂ ಹಚ್ಚಬಹುದೇ?

ಉತ್ತರ: ಅಜ್ಜನ ದೋಣಿ ಇಡೀ ಹಲಗೆಯದು. ಅದಕ್ಕೆ ಆ ಎಣ್ಣೆ ಸರಿ, ವರ್ಷ ವರ್ಷ ಹಚ್ಚುತ್ತಾ ಇದ್ದರು. ನಿಮ್ಮದು ಅಂಟಿನ ದೋಣಿ. ಒಮ್ಮೆ ಎಣ್ಣೆ ಕುಡಿದ ಪ್ಲೈವುಡ್‌ಗೆ ಆಮೇಲೆ ಎಪಾಕ್ಸಿ ಹಿಡಿಯುವುದಿಲ್ಲ, ರಿಪೇರಿಯ ದಾರಿಯೇ ಮುಚ್ಚುತ್ತದೆ. ಗೇರುಸಿಪ್ಪೆಯ ಎಣ್ಣೆ ಚರ್ಮ ಸುಡುವುದು ನಿಮಗೇ ಗೊತ್ತು.

ಆದರೆ ಅಜ್ಜಂದಿರು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಹಾಗೇ ಮಾಡಿ. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಎಳೆದು, ಮರದ ದಿಮ್ಮಿಗಳ ಮೇಲೆ ಎತ್ತರಕ್ಕೆ ಇಟ್ಟು, ತೆಂಗಿನ ಮಡಲು ಹೊದಿಸುತ್ತಿದ್ದರು. ಮಡಲಿನ ಮೇಲೆ ಮಳೆ ಜಾರುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ. ಪ್ಲಾಸ್ಟಿಕ್ ಹೊದಿಕೆ ಮೈಗೆ ಅಂಟಿ ಕೂತರೆ ಎರಡೂ ಇಲ್ಲ. ಜೂನ್‌ಗೆ ಮೊದಲು ನಿಮ್ಮ ದೋಣಿಯನ್ನು ಮಗುಚಿ, ಬಿರಡೆಗಳನ್ನೆಲ್ಲ ತೆಗೆದು ಒಂದು ಚೀಲದಲ್ಲಿ ಹಾಕಿ ಚುಕ್ಕಾಣಿಗೆ ಕಟ್ಟಿ, ಅಡಿಯಲ್ಲಿ ಬೆಕ್ಕು ಓಡಾಡುವಷ್ಟು ಜಾಗ ಬಿಟ್ಟು ಮೇಲೆ ಮಡಲು ಹಾಕಿ. ಬಣ್ಣ, ಎಪಾಕ್ಸಿ ಕೆಲಸವೆಲ್ಲ ಡಿಸೆಂಬರ್ ದಾಟಿದ ಮೇಲೆ, ಗಾಳಿ ಒಣಗಿದ ಮೇಲೆ.