ಒಂದೇ ಪಾಪವನ್ನು ಎಷ್ಟು ಸಲ ಅರಿಕೆ ಮಾಡಬೇಕು?

ಕೆಲಸದ ಜಾಗದಲ್ಲಿ ಸುಳ್ಳು ಪ್ರಯಾಣದ ಬಿಲ್ ಕೊಟ್ಟು ಹಣ ಪಡೆದಿದ್ದೀರಿ. ದೇವರ ಮುಂದೆ ಎಷ್ಟು ಸಲ ಅರಿಕೆ ಮಾಡಿದರೂ ಸಮಾಧಾನವಿಲ್ಲ, ಆತ ಕ್ಷಮಿಸಿಲ್ಲವೇ ಎಂದು ಕೇಳಿದ್ದೀರಿ. ನಾನೂ ಅಂಥ ಬಿಲ್ ಕೊಟ್ಟವನೇ. ನಾಲ್ಕು ವರ್ಷ ಭಾನುವಾರ ತಪ್ಪದೆ ಅರಿಕೆ ಮಾಡಿದೆ, ಪ್ರತಿ ಸಲವೂ ಒಂದೇ ಮಾತಿನಲ್ಲಿ: "ಕರ್ತನೇ, ಹಣದ ವಿಷಯದಲ್ಲಿ ನನ್ನಿಂದ ತಪ್ಪಾಗಿದೆ, ಕ್ಷಮಿಸು."

ಆ ನಾಲ್ಕು ವರ್ಷವನ್ನು ತಿಂದುಹಾಕಿದ್ದು ಆ ವಾಕ್ಯವೇ. ನೀವೂ "ಕೆಲವು ತಪ್ಪುಗಳು ನಡೆದವು" ಎಂದು ಬರೆದಿದ್ದೀರಿ, ಆದ್ದರಿಂದ ನನ್ನ ಆ ವಾಕ್ಯವನ್ನು ಪದಪದವಾಗಿ ಬಿಡಿಸುತ್ತೇನೆ.

"ತಪ್ಪಾಗಿದೆ" ಎನ್ನುವುದು "ಮಳೆಯಾಗಿದೆ" ಎಂದಂತೆ. ಆಗಿದೆ, ಅಷ್ಟೇ, ಮಾಡಿದವನು ಆ ಮಾತಿನಲ್ಲಿ ಇಲ್ಲ. "ನನ್ನಿಂದ" ಎಂದು ಸೇರಿಸಿದರೂ ಅದು ಕೈಜಾರಿ ಲೋಟ ಬಿದ್ದವನ ಮಾತು. "ಹಣದ ವಿಷಯದಲ್ಲಿ" ಎಂದಾಗ ಯಾರ ಹಣ, ಎಷ್ಟು, ಎಷ್ಟು ಸಲ ಎಂಬುದೆಲ್ಲ ಮರೆಯಾಯಿತು. ನಾನು ಕೊಟ್ಟಿದ್ದು ಹದಿನೇಳು ಬಿಲ್. ಹೋಗದ ಊರಿಗೆ ಹೋದೆನೆಂದು ಬರೆದದ್ದು ಆರು, ಬಸ್ಸಿನಲ್ಲಿ ಹೋಗಿ ಟ್ಯಾಕ್ಸಿ ಎಂದು ತೋರಿಸಿದ್ದು ಹನ್ನೊಂದು. ಲೆಕ್ಕಪತ್ರ ನೋಡುವವರು ಒಮ್ಮೆ ವಿಚಾರಿಸಿದಾಗ ಬಾಯಿಬಿಟ್ಟು ಸುಳ್ಳು ಹೇಳಿದ್ದೆ, ಅದು ಹದಿನೆಂಟನೆಯದು. ಇದರಲ್ಲಿ ಒಂದನ್ನೂ ಪ್ರಾರ್ಥನೆಯಲ್ಲಿ ಉಚ್ಚರಿಸಿರಲಿಲ್ಲ. ಹೆಸರಿಡದ ಪಾಪವನ್ನು ಬಿಡುವುದು ಹೇಗೆ? ಎಣಿಸದ ಹಣವನ್ನು ಹಿಂತಿರುಗಿಸುವುದು ಹೇಗೆ? ಮಬ್ಬು ಮಾತಿನ ಲಾಭವೇ ಅದು: ಅತ್ತ ಮೇಲೂ ಹಣ ನಮ್ಮ ಹತ್ತಿರವೇ ಉಳಿಯುತ್ತದೆ.

ಪಾಪಗಳನ್ನು ಅರಿಕೆಮಾಡಿದರೆ ದೇವರು ಕ್ಷಮಿಸುತ್ತಾನೆ ಎನ್ನುವ ಬೈಬಲಿನ ವಚನ 1 ಯೋಹಾನ 1:9ರಲ್ಲಿ "ನಮ್ಮ ಪಾಪಗಳನ್ನು" ಎಂದು ಬಹುವಚನವಿದೆ. ಅಲ್ಲಿ ಅರಿಕೆಮಾಡುವುದಕ್ಕೆ ಇರುವ ಗ್ರೀಕ್ ಪದ ಹೊಮೊಲೊಗೆಯೊ, ಮೂಲಾರ್ಥ "ಅದೇ ಮಾತನ್ನು ಹೇಳು". ದೇವರು ಕಳ್ಳತನ ಎನ್ನುವುದನ್ನು ನಾವೂ ಕಳ್ಳತನ ಎನ್ನಬೇಕು, "ಹೊಂದಾಣಿಕೆ" ಎನ್ನಬಾರದು. ಇಸ್ರಾಯೇಲಿನ ಅರಸರಾದ ಸೌಲನೂ ದಾವೀದನೂ "ಪಾಪಮಾಡಿದ್ದೇನೆ" ಎಂದವರೇ. ಆದರೆ ಸೌಲ (1 ಸಮುವೇಲ 15) ಜನರಿಗೆ ಹೆದರಿ ಮಾಡಿದೆ ಎಂದು ಕಾರಣ ಸೇರಿಸಿದ, ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಪ್ರವಾದಿ ಸಮುವೇಲನನ್ನು ಬೇಡಿದ. ಪ್ರವಾದಿ ನಾತಾನನ ಮುಂದೆ ದಾವೀದ (2 ಸಮುವೇಲ 12) ಕಾರಣ ಕೊಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಸಲ ಎಂಬುದು ಆಮೇಲಿನ ಮಾತು. ಒಂದು ಸಲವೂ ನೀವು ಪೂರ್ತಿ ಅರಿಕೆ ಮಾಡಿದಂತೆ ನನಗೆ ಕಾಣುವುದಿಲ್ಲ. ದೇವರ ಕ್ಷಮೆಯನ್ನು ಅಳೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಬಿಲ್ಲಿಗೂ ಒಂದು ಸಾಲು: ಯಾವ ತಿಂಗಳು, ಎಷ್ಟು, ಏನೆಂದು ಸುಳ್ಳು ಬರೆದೆ, ಮುಚ್ಚಲು ಯಾರಿಗೆ ಏನು ಹೇಳಿದೆ. ಎಲ್ಲ ವಾಕ್ಯವೂ "ಮಾಡಿದೆ", "ತೆಗೆದುಕೊಂಡೆ", "ಹೇಳಿದೆ" ಎಂದು ಮುಗಿಯಲಿ. ಬರೆದಾದ ಮೇಲೆ "ಆದರೆ", "ಯಾಕಂದ್ರೆ", "ಎಲ್ಲರೂ" ಎಲ್ಲಿದ್ದರೂ ಅಲ್ಲಿಂದ ಮುಂದಿನದನ್ನು ಹೊಡೆದುಹಾಕಿ. ನೆನಪಿಲ್ಲದ ಮೊತ್ತವನ್ನು ಹೆಚ್ಚಿನ ಕಡೆಗೇ ಅಂದಾಜು ಮಾಡಿ. ಆ ಹಾಳೆಯನ್ನು ದೇವರ ಮುಂದೆ ಗಟ್ಟಿಯಾಗಿ ಓದಿ. ಗಂಟಲು ಯಾವ ಸಾಲಿನಲ್ಲಿ ಕಟ್ಟುತ್ತದೋ ಅದನ್ನೇ ನೀವು ಇಷ್ಟು ದಿನ ತಪ್ಪಿಸುತ್ತಿದ್ದದ್ದು.

ಕಥೋಲಿಕರಾಗಿದ್ದರೆ ಅದನ್ನೇ ಪಾಪನಿವೇದನೆಗೆ, ಅಂದರೆ ಗುರುಗಳ (ಪಾದ್ರಿಯ) ಮುಂದೆ ಪಾಪ ಹೇಳಿಕೊಳ್ಳುವಲ್ಲಿಗೆ, ಒಯ್ಯಿರಿ. ಗಂಭೀರ ಪಾಪಗಳನ್ನು ಯಾವ ಬಗೆ, ಎಷ್ಟು ಸಲ ಎಂದು ಹೇಳಲೇಬೇಕು. ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬ ಕಟ್ಟಳೆ ಕಥೋಲಿಕ ಧರ್ಮಸಭೆಯ 1215ರ ಲ್ಯಾಟರನ್ ಮಹಾಸಭೆಯ ಕಾಲದಿಂದ ಇದೆ. ಮರೆತದ್ದನ್ನು ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಮುಚ್ಚಿಟ್ಟರೆ ಇಡೀ ನಿವೇದನೆಯೇ ಊರ್ಜಿತವಾಗುವುದಿಲ್ಲ. ಗುರುಗಳು ಅಲ್ಲಿ ಕೇಳಿಸಿಕೊಂಡದ್ದನ್ನು ಯಾರಿಗೂ ಹೇಳುವಂತಿಲ್ಲ. ಬೇರೆ ಸಭೆಯವರಾಗಿದ್ದರೆ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಎನ್ನುವ ಯಾಕೋಬ 5:16ರಂತೆ ಬಾಯಿ ಭದ್ರವಿರುವ ಒಬ್ಬ ವಿಶ್ವಾಸಿಯ ಮುಂದೆ ಓದಿ. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಡಿ. ಪಾಪ ಯಾರನ್ನು ತಟ್ಟಿತೋ ಅವರಿಗೆ ತಿಳಿದರೆ ಸಾಕು. ಜೊತೆಯಲ್ಲಿ ಬೇರೆಯವರೂ ತಪ್ಪು ಮಾಡಿದ್ದರೆ ಅವರ ಹೆಸರು ನಿಮ್ಮ ಅರಿಕೆಯಲ್ಲಿ ಬರಬಾರದು.

ಇನ್ನು ಹಣ. ಯಾಜಕಕಾಂಡ 6ನೆಯ ಅಧ್ಯಾಯದಲ್ಲಿ ಮೋಸದಿಂದ ಪಡೆದದ್ದನ್ನು ಪೂರ್ತಿ ಹಿಂದಕ್ಕೆ ಕೊಟ್ಟು, ಐದನೆಯ ಒಂದು ಪಾಲು ಹೆಚ್ಚಿಗೆ ಸೇರಿಸಬೇಕೆಂದಿದೆ, ಅಂದರೆ 100ಕ್ಕೆ 120. ಯೇಸುವನ್ನು ಕಂಡ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ. ಕ್ರೈಸ್ತನಿಗೆ ಆ ಐದನೆಯ ಪಾಲು ಕಾನೂನಾಗಿ ಕಟ್ಟಿಲ್ಲ, ಆದರೂ ಸೇರಿಸಿ ಎನ್ನುತ್ತೇನೆ, ಅಷ್ಟು ವರ್ಷ ಅವರ ಹಣವನ್ನು ನೀವು ಬಳಸಿದ್ದೀರಿ. ಇಲ್ಲಿ ಬಹಳ ಜನ ಎಡವುತ್ತಾರೆ: ಹಣವನ್ನು ಚರ್ಚಿನ ಕಾಣಿಕೆ ಪೆಟ್ಟಿಗೆಗೆ ಹಾಕಿ ಬರುತ್ತಾರೆ. ಕಳೆದುಕೊಂಡವನು ಬದುಕಿರುವಾಗ ಅದು ಕಾಣಿಕೆಯಲ್ಲ, ಅವನ ಹಣವನ್ನು ನೀವು ದಾನ ಮಾಡಿದ ಹಾಗೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದು ಮತ್ತಾಯ 5ರಲ್ಲಿ ಯೇಸುವೇ ಹೇಳಿದ್ದಾನೆ. ವ್ಯಕ್ತಿ ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಿ. ಯಾರೂ ಇಲ್ಲದಿದ್ದರೆ ಮಾತ್ರ ಬಡವರಿಗೆ.

ಗುಟ್ಟಾಗಿ ಹಿಂತಿರುಗಿಸಬಹುದೇ? ಕಥೋಲಿಕ ಬೋಧನೆಯಲ್ಲಿ ಅದಕ್ಕೆ ಅವಕಾಶವಿದೆ, ಗುರುಗಳ ಮೂಲಕ ತಲುಪಿಸುವವರೂ ಇದ್ದಾರೆ. ಆದರೆ ನಿಮ್ಮ ಕಳ್ಳತನಕ್ಕೆ ಇನ್ನೊಬ್ಬರ ಮೇಲೆ ಅನುಮಾನ ಬಂದಿದ್ದರೆ ಗುಟ್ಟು ನಡೆಯದು, ಅವರ ಹೆಸರು ತೊಳೆಯಲು ನಿಮ್ಮ ಹೆಸರು ಹೊರಬರಲೇಬೇಕು. ಮೊತ್ತ ದೊಡ್ಡದಿದ್ದರೆ ಮೊದಲು ವಕೀಲರನ್ನು ಕಾಣಿ. ಪಾಪಕ್ಷಮೆ ಕಾನೂನಿನ ಶಿಕ್ಷೆಯನ್ನು ತೆಗೆಯುವುದಿಲ್ಲ, ಕೆಲಸವೂ ಹೋಗಬಹುದು. ಅದಕ್ಕೆ ಸಿದ್ಧರಾಗಿಯೇ ಅಧಿಕಾರಿಯ ಬಳಿ ಹೋಗಿ. ಕೆಲಸ ಉಳಿಯಲಿ ಎಂಬ ಲೆಕ್ಕಾಚಾರ ಇಟ್ಟುಕೊಂಡು ಮಾತಾಡಿದರೆ ಆ "ಆದರೆ" ಮತ್ತೆ ನುಸುಳುತ್ತದೆ. ನನಗೆ ಹಾಗಾಯಿತು, ಎರಡನೆಯ ಸಲ ಹೋಗಿ ಮೊದಲಿನಿಂದ ಹೇಳಬೇಕಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಅದೇ ಪಾಪವನ್ನು ಮತ್ತೆ ಹೇಳಬೇಕೆನಿಸಿದರೆ ಹೇಳಬೇಡಿ. ಆಗ ಅದು ಅತಿ ಅಳುಕಿನ ಮನಸ್ಸಾಕ್ಷಿಯ ತೊಂದರೆ. ಒಬ್ಬರೇ ಗುರುವನ್ನೋ ಪಾಸ್ಟರನ್ನೋ ಹಿಡಿದು ಅವರು ಸಾಕು ಎಂದಲ್ಲಿಗೆ ನಿಲ್ಲಿಸಿ. ಅದು ನಿದ್ದೆ, ಕೆಲಸ ಎಲ್ಲವನ್ನೂ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ. ನಿಮ್ಮದು ಆ ಸ್ಥಿತಿಯಲ್ಲ, ಹಣ ಇನ್ನೂ ನಿಮ್ಮ ಹತ್ತಿರ ಇದೆ.

ಮುಂದಿನ ದಿನಗಳಿಗೆ, ಸುಳ್ಳನ್ನೂ ಕಳ್ಳತನವನ್ನೂ ಬಿಡಿ ಎನ್ನುವ ಎಫೆಸ 4:25ರಿಂದ 28ರವರೆಗೆ ಓದಿ. ಬಿಲ್ಲನ್ನು ಖರ್ಚಾದ ದಿನವೇ ಬರೆಯಿರಿ, ತಿಂಗಳ ಕೊನೆಗೆ ಬಿಟ್ಟರೆ ನೆನಪಿನ ಹೆಸರಿನಲ್ಲಿ ಸುಳ್ಳು ಸೇರುತ್ತದೆ. ಬಾಯಿತಪ್ಪಿ ಸುಳ್ಳು ಬಂದರೆ ಆ ಮಾತುಕತೆ ಮುಗಿಯುವುದರೊಳಗೆ "ಈಗ ಹೇಳಿದ್ದು ನಿಜವಲ್ಲ" ಎಂದುಬಿಡಿ. ಮರುದಿನ ಹೇಳುವುದು ಹತ್ತುಪಟ್ಟು ಕಷ್ಟ. ನೀವು ಹಾಳೆ ಓದಿದ್ದನ್ನು ಕೇಳಿಸಿಕೊಂಡ ವಿಶ್ವಾಸಿಗೆ, ವಾರಕ್ಕೊಮ್ಮೆ "ಆತ್ಮಿಕವಾಗಿ ಹೇಗಿದ್ದೀರಿ" ಎಂದು ಕೇಳುವ ಬದಲು "ಈ ವಾರ ಯಾವ ಬಿಲ್ಲಿಗೆ ಸಹಿ ಹಾಕಿದಿರಿ" ಎಂದು ಕೇಳಲು ಹೇಳಿ.

ಅಧಿಕಾರಿಯ ಬಳಿ ಹೋಗುವಾಗ ಹಾಳೆಯ ಎರಡು ಪ್ರತಿ ಇರಲಿ, ಒಂದು ಅವರಿಗೆ, ಒಂದು ನಿಮಗೆ. "ಕ್ಷಮೆ ಇರಲಿ" ಎನ್ನಬೇಡಿ. "ನಾನು ಇಷ್ಟು ಹಣ ಕದ್ದಿದ್ದೇನೆ, ಇದು ಪಟ್ಟಿ, ಇದು ಹಣ, ನನ್ನನ್ನು ಕ್ಷಮಿಸಿ" ಎಂದು ಹೇಳಿ ಸುಮ್ಮನಾಗಿ. ಮುಂದಿನ ಮಾತು ಅವರದು.