ಗಂಭೀರ ಸಂದರ್ಭದಲ್ಲಿ ಉಕ್ಕಿ ಬರುವ ನಗುವನ್ನು ಮಿದುಳು ಹೇಗೆ ತಡೆಯುತ್ತದೆ?

ನಗುವಿಗೆ ಮಿದುಳಿನಲ್ಲಿ ಎರಡು ದಾರಿ. ಫೋಟೋಗೆಂದು ಬೀರುವ ನಗು ಸ್ನಾಯುಗಳಿಗೆ ಆಜ್ಞೆ ಕೊಡುವ ಮೋಟಾರ್ ಕಾರ್ಟೆಕ್ಸ್‌ನಿಂದ, ನಾವು ಹೇಳಿದಂತೆ ಹೊರಡುತ್ತದೆ. ತಾನಾಗಿ ಉಕ್ಕುವ ನಗುವಿನ ಬೇರು ಇನ್ನೂ ಆಳದಲ್ಲಿದೆ: ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಾಲಾ ಮತ್ತು ಹೈಪೋಥಲಾಮಸ್, ಅವುಗಳ ಕೆಳಗಿನ ಮಿದುಳಕಾಂಡ. ಹಣೆಯ ಹಿಂದಿನ ಪ್ರೀಫ್ರಾಂಟಲ್ ಕಾರ್ಟೆಕ್ಸ್ ‘ಇದು ಸಾವಿನ ಮನೆ’ ಎಂದು ಗುರುತಿಸಿ ಈ ಎರಡನೆಯದಕ್ಕೆ ಬ್ರೇಕ್ ಹಾಕುತ್ತದೆ. ಪಾರ್ಶ್ವವಾಯುವಿನಂಥ ಕಾಯಿಲೆಯಲ್ಲಿ ಆ ಬ್ರೇಕಿನ ತಂತುಗಳು ಕೆಟ್ಟರೆ, ಖುಷಿಯೇ ಇಲ್ಲದೆ ನಗು ಸಿಡಿಯುವುದುಂಟು. ಅದನ್ನು ಅಸಭ್ಯತೆ ಅಂದುಕೊಳ್ಳಬಾರದು.

ತುಟಿ ಕಚ್ಚಿ ಹಿಡಿದರೆ ಬಾಯಿ ನಿಲ್ಲುತ್ತದೆ. ಕಣ್ಣಂಚಿನ ಸುಕ್ಕು, ಕುಲುಕುವ ಭುಜ ಗುಟ್ಟು ಬಿಟ್ಟುಕೊಡುತ್ತವೆ. 1997ರಲ್ಲಿ ಮನೋವಿಜ್ಞಾನಿಗಳಾದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಕುತೂಹಲದ ಸಂಗತಿ ಕಂಡಿತು. ದುಃಖವನ್ನು ಮುಖದಲ್ಲಿ ತೋರಿಸದವರ ದುಃಖ ತಗ್ಗಲಿಲ್ಲ, ನಗುವನ್ನು ಅದುಮಿದವರ ಖುಷಿ ಮಾತ್ರ ತಗ್ಗಿತು. ಜೊತೆಗೆ ಹೃದಯ ಮತ್ತು ರಕ್ತನಾಳಗಳ ಮೇಲೆ ಸಿಂಪಥೆಟಿಕ್ ನರಗಳ (ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ ನರಗಳು) ಒತ್ತಡವೂ ಏರಿತು. ಅಂದರೆ ಅದುಮುವುದು ಪುಕ್ಕಟೆಯಲ್ಲ.

ಪಕ್ಕದವರು ಕಿಸಕ್ಕೆಂದರಂತೂ ಕೆಲಸ ಕೆಟ್ಟಿತು. ಇನ್ನೊಬ್ಬರ ನಗು ಕಿವಿಗೆ ಬಿದ್ದರೆ ನಮ್ಮ ಮುಖದ ಸ್ನಾಯುಗಳನ್ನು ಸಜ್ಜುಗೊಳಿಸುವ ಪ್ರೀಮೋಟಾರ್ ಭಾಗ ಚುರುಕಾಗುತ್ತದೆ. ಆದ್ದರಿಂದ ಮೊದಲು ಅವರಿಂದ ಕಣ್ಣು ತೆಗೆಯಿರಿ. ಉಸಿರು ಬಿಗಿಹಿಡಿಯಬೇಡಿ: ನಗುವೆಂದರೆ ತುಂಡುತುಂಡಾಗಿ ಹೊರಬರುವ ಉಸಿರು, ತಡೆದಿಟ್ಟರೆ ಮೂಗಿನಿಂದ ‘ಗೊರ್’ ಎಂದು ನುಗ್ಗುತ್ತದೆ. ಬದಲಿಗೆ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡಿ. ಜೊತೆಗೆ ಎದುರಿಗೆ ಮಾತಾಡುತ್ತಿರುವವರಿಗೆ ಈ ಕ್ಷಣ ಎಷ್ಟು ಭಾರವಾಗಿದೆ ಎಂದು ಯೋಚಿಸಿ. ನಗು ಪೂರ್ತಿ ಉಕ್ಕುವ ಮೊದಲೇ ಹೀಗೆ ಮಾಡಬೇಕು, ಆಮೇಲೆ ಎದ್ದು ಹೊರಗೆ ಹೋಗುವುದೇ ಮರ್ಯಾದೆ.